ಮಕ್ಕಳ ಸನ್ನಿಧಿಯಲ್ಲಿ ಹಾರ್ಪ್ ವಾದ್ಯ

ಸೌಲ ಅರಸನು ಮನೋವ್ಯಥೆಯಿಂದ ಪೀಡಿತನಾಗಿದ್ದಾಗ ಕುರಿ ಕಾಯುವ ಹುಡುಗನೊಬ್ಬನನ್ನು ಅರಮನೆಗೆ ಕರೆಸಿ, ಅವನು ನುಡಿಸುವ ತಂತಿವಾದ್ಯವನ್ನು ಕೇಳಿ ಉಪಶಮನ ಹೊಂದುತ್ತಿದ್ದನೆಂಬ ವೃತ್ತಾಂತವನ್ನು ಈ ಶಾಲೆಯಲ್ಲಿ ಓದಿದವರೆಲ್ಲರೂ ಬಲ್ಲರು. ದಾವೀದನ ಆ ವಾದ್ಯಕ್ಕೆ ನಮ್ಮ ಸತ್ಯವೇದದಲ್ಲಿ ಕಿನ್ನರಿ ಎಂಬ ಹೆಸರು ಇದೆ. ಇಂಗ್ಲಿಷರು ತಮ್ಮ ಹಳೆಯ ಭಾಷಾಂತರದಲ್ಲಿ ಅದನ್ನೇ ಹಾರ್ಪ್ ಎಂದು ಬರೆದರು. ಇಬ್ರಿಯ ಮೂಲದಲ್ಲಿರುವ ಕಿನ್ನೋರ್ ಎಂಬದಾದರೋ, ಎರಡು ತೋಳುಗಳ ನಡುವೆ ಅಡ್ಡಪಟ್ಟಿಯನ್ನು ಕೂಡಿಸಿ ತಂತಿಗಳನ್ನು ಬಿಗಿದ, ಕೈಯಲ್ಲಿ ಹಿಡಿಯತಕ್ಕ ಸಣ್ಣ ವಾದ್ಯವೆಂದು ಪಂಡಿತರು ಹೇಳುವರು. ನಮ್ಮ ನಾಡಿನ ಕಿನ್ನರಿಯು ಇವೆರಡೂ ಅಲ್ಲ. ಅದು ದಂಡಕ್ಕೆ ಸೋರೆಬುರುಡೆಗಳನ್ನು ಕಟ್ಟಿದ ವಾದ್ಯ. ಕಿನ್ನರಿ ಜೋಗಿಗಳು ಅದನ್ನು ಹಿಡಿದು ಊರೂರು ತಿರುಗಿ ಹಾಡುತ್ತ ಬಂದವರು. ಹನ್ನೆರಡನೆಯ ಶತಮಾನದ ಶರಣನಾದ ಕಿನ್ನರಿ ಬೊಮ್ಮಯ್ಯನು ಅದರ ಹೆಸರಿನಿಂದಲೇ ಪ್ರಸಿದ್ಧನು.

ಹೀಗೆ ರೂಪಗಳು ಬೇರೆ ಬೇರೆಯಾದರೂ ಆ ವೃತ್ತಾಂತದೊಳಗೆ ಗಮನಿಸತಕ್ಕ ಒಂದು ಸಂಗತಿಯುಂಟು. ಅಲ್ಲಿ ನುಡಿಸುವವನೂ ಕೇಳುವವನೂ ಒಂದೇ ಕೋಣೆಯಲ್ಲಿದ್ದರು. ಬೆರಳು ತಂತಿಯನ್ನು ಮುಟ್ಟುವದು ರೋಗಿಯ ಕಣ್ಣಿಗೆ ಕಾಣುತ್ತಿತ್ತು. ರೋಗಿಯ ಮುಖವು ಬಾಲಕನ ಕಣ್ಣಿಗೆ ಕಾಣುತ್ತಿತ್ತು. ಈಗ ಯಂತ್ರಗಳ ಮೂಲಕ ಲೋಕದ ಸಂಗೀತವೆಲ್ಲವೂ ಮನೆಯ ಮೂಲೆಯಲ್ಲಿ ಕೇಳಿಸುತ್ತಿರುವ ಕಾಲದಲ್ಲಿ, ಹೀಗೆ ಎದುರೆದುರಾಗಿ ಕುಳಿತು ಕೇಳುವದರಿಂದ ಎಳೆಯ ಮಕ್ಕಳಿಗೆ ಏನು ಪ್ರಯೋಜನ, ವಾದ್ಯಕ್ಕೆ ಏನು ಪ್ರಯೋಜನ ಎಂಬದನ್ನು ವಿಚಾರಿಸುವದೇ ಈ ಪಾಠದ ಉದ್ದೇಶ. ಇದಕ್ಕಾಗಿ ನಾವು ಹಾರ್ಪ್ ವಾದ್ಯವನ್ನೂ, ಅದನ್ನು ತನ್ನ ರಾಷ್ಟ್ರಚಿಹ್ನೆಯಾಗಿ ಮಾಡಿಕೊಂಡ ಐರ್ಲೆಂಡ್ ದೇಶವನ್ನೂ ದೃಷ್ಟಾಂತವಾಗಿ ತೆಗೆದುಕೊಳ್ಳೋಣ.

೧. ವಾದ್ಯದ ಸ್ವರೂಪ

ನಮ್ಮ ವೀಣೆಯಲ್ಲಿ ತಂತಿಗಳು ಕೆಲವೇ. ಮೆಟ್ಟಿಲುಗಳ ಮೇಲೆ ಬೆರಳನ್ನೊತ್ತಿ ಒಂದೇ ತಂತಿಯಿಂದ ಅನೇಕ ಸ್ವರಗಳನ್ನು ಪಡೆಯುತ್ತೇವೆ. ಹಾರ್ಪ್ ವಾದ್ಯದಲ್ಲಿ ಮೆಟ್ಟಿಲುಗಳೇ ಇಲ್ಲ. ಪ್ರತಿಯೊಂದು ಸ್ವರಕ್ಕೂ ಪ್ರತ್ಯೇಕವಾದ ತಂತಿಯುಂಟು. ಓರೆಯಾಗಿ ನಿಂತಿರುವ ಟೊಳ್ಳಾದ ಮರದ ಪೆಟ್ಟಿಗೆಯಿಂದ ಹೊರಟ ತಂತಿಗಳು ಮೇಲಿನ ಬಾಗಿದ ಕತ್ತಿನಲ್ಲಿರುವ ಬಿರಟೆಗಳಿಗೆ ಸೇರುತ್ತವೆ. ಆ ಎರಡನ್ನೂ ಮುಂದುಗಡೆಯ ಕಂಬವೊಂದು ಆನಿಸಿ ಹಿಡಿದಿರುತ್ತದೆ. ನುಡಿಸುವವರು ಪೆಟ್ಟಿಗೆಯನ್ನು ಬಲಭುಜಕ್ಕೆ ಒರಗಿಸಿಕೊಂಡು, ಎರಡು ಕೈಗಳನ್ನೂ ಎರಡು ಪಕ್ಕಗಳಿಂದ ತಂದು, ಕಿರುಬೆರಳನ್ನು ಬಿಟ್ಟು ಉಳಿದ ನಾಲ್ಕು ನಾಲ್ಕು ಬೆರಳುಗಳಿಂದ ಮೀಟುವರು.

ದೊಡ್ಡ ವಾದ್ಯವೃಂದಗಳಲ್ಲಿ ಉಪಯೋಗಿಸುವ ಹಾರ್ಪ್ ಸುಮಾರು ೬ ಅಡಿ ಎತ್ತರವಿದ್ದು, ೪೭ ತಂತಿಗಳನ್ನೂ ಕಾಲಿನಿಂದ ಒತ್ತುವ ೭ ಸನ್ನೆಗಳನ್ನೂ ಹೊಂದಿದೆ. ಸನ್ನೆಯನ್ನು ಒತ್ತಿದರೆ ಆಯಾ ಹೆಸರಿನ ತಂತಿಗಳೆಲ್ಲವೂ ಅರ್ಧಸ್ವರದಷ್ಟು ಏರುವವು. ಈ ಯಂತ್ರವನ್ನು ಪೂರ್ಣವಾದ ರೂಪಕ್ಕೆ ತಂದು ೧೮೧೦ರಲ್ಲಿ ಹಕ್ಕುಪತ್ರ ಪಡೆದವನು ಸೆಬಾಸ್ಟಿಯನ್ ಎರಾರ್ ಎಂಬ ಫ್ರೆಂಚ್ ಶಿಲ್ಪಿ. ಐರಿಷ್ ಹಾರ್ಪ್ ಇದಕ್ಕಿಂತ ಚಿಕ್ಕದು, ಕಾಲಿನ ಸನ್ನೆಗಳಿಲ್ಲದ್ದು, ಒಬ್ಬರೇ ಎತ್ತಿಕೊಂಡು ಹೋಗಬಹುದಾದದ್ದು. ಶಾಲೆಗೂ ಆಸ್ಪತ್ರೆಗೂ ಒಯ್ಯುವದಕ್ಕೆ ಇದೇ ಅನುಕೂಲವಾದದ್ದು.

ಇಷ್ಟೊಂದು ತಂತಿಗಳ ನಡುವೆ ನುಡಿಸುವವರು ದಾರಿ ತಪ್ಪದಿರುವದು ಹೇಗೆ? ಅದಕ್ಕೆ ಬಣ್ಣಗಳೇ ಗುರುತು. ಪಾಶ್ಚಾತ್ಯರು ಸಿ ಎಂದು ಕರೆಯುವ ಸ್ವರದ ತಂತಿಗಳೆಲ್ಲವೂ ಕೆಂಪು. ಎಫ್ ಎಂಬ ಸ್ವರದವು ಕಪ್ಪು ಅಥವಾ ನೀಲಿ. ಸಿ ಎಂಬದನ್ನು ಷಡ್ಜವೆಂದು ಎಣಿಸಿದರೆ ಎಫ್ ಎಂಬದು ಶುದ್ಧ ಮಧ್ಯಮವಾಗುವದು. ಉದ್ದವಾದ ತಂತಿಯು ಮಂದ್ರವಾಗಿ ನುಡಿಯುವದು, ಗಿಡ್ಡ ತಂತಿಯು ತಾರವಾಗಿ ನುಡಿಯುವದು. ಸ್ವರಗಳ ಏರಿಳಿತವನ್ನು ಕಣ್ಣಾರೆ ತೋರಿಸುವ ಇಂಥ ವಾದ್ಯಗಳು ವಿರಳ. ಆದುದರಿಂದಲೇ ಇದು ಶಿಶುಗಳಿಗೆ ಒಳ್ಳೆಯ ಪಾಠಪುಸ್ತಕವಾಗಬಲ್ಲದು.

೨. ನಮ್ಮ ದೇಶದಲ್ಲಿ ಅಳಿದ ವಾದ್ಯ

ಹಾರ್ಪ್ ಜಾತಿಯ ವಾದ್ಯವು ಪರದೇಶದ್ದು ಮಾತ್ರವೆಂದು ತಿಳಿಯಬಾರದು. ನಾಲ್ಕನೆಯ ಶತಮಾನದಲ್ಲಿ ಆಳಿದ ಸಮುದ್ರಗುಪ್ತನ ಒಂದು ಬಗೆಯ ಚಿನ್ನದ ನಾಣ್ಯಗಳ ಮೇಲೆ, ಅರಸನು ಕುಳಿತು ಬಿಲ್ಲಿನಂತೆ ಬಾಗಿದ ವೀಣೆಯನ್ನು ತೊಡೆಯ ಮೇಲಿಟ್ಟು ನುಡಿಸುತ್ತಿರುವ ಚಿತ್ರವಿದೆ. ಆ ವೀಣೆಯು ರೂಪದಲ್ಲಿ ಹಾರ್ಪ್ ವಾದ್ಯವೇ. ತಮಿಳು ನಾಡಿನ ಪ್ರಾಚೀನ ಕಾವ್ಯಗಳಲ್ಲಿ ಹೊಗಳಲ್ಪಟ್ಟ ಯಾಳ್ ಎಂಬದೂ ಅದೇ ಕುಲದ್ದು. ಆದರೆ ಶತಮಾನಗಳು ಕಳೆದಂತೆ ಈ ವಾದ್ಯಗಳು ನಮ್ಮ ಸಭೆಗಳಿಂದ ಮರೆಯಾದವು. ವೀಣೆ ಎಂಬ ಹೆಸರು ಮಾತ್ರ ಉಳಿದು ಬೇರೆ ವಾದ್ಯಕ್ಕೆ ಸಂದಿತು. ನೆರೆಯ ಬರ್ಮಾ ದೇಶದಲ್ಲಿ ಆ ಬಾಗಿದ ಹಾರ್ಪ್ ಇಂದಿಗೂ ನುಡಿಯುತ್ತಿದೆ.

ವಾದ್ಯವನ್ನು ಮಾಡಲು ಬೇಕಾದ ಮರವೂ ತಂತಿಯೂ ನಾಡಿನಲ್ಲಿದ್ದ ಮಾತ್ರಕ್ಕೆ ಅದು ಉಳಿಯುವದಿಲ್ಲ. ಒಂದು ತಲೆಮಾರಿನ ಕೈಯಿಂದ ಮುಂದಿನ ತಲೆಮಾರಿನ ಕೈಗೂ ಕಿವಿಗೂ ಅದು ದಾಟಬೇಕು. ದಾಟದಿದ್ದರೆ ನಾಣ್ಯದ ಮೇಲೂ ಕಲ್ಲಿನ ಮೇಲೂ ಅದರ ಚಿತ್ರವು ಉಳಿಯಬಹುದು, ನಾದವು ಉಳಿಯದು. ಐರ್ಲೆಂಡ್ ದೇಶದಲ್ಲಿಯೂ ಹಾಗೆಯೇ ಆಗುವದಿತ್ತು.

೩. ಬೆಲ್‌ಫಾಸ್ಟ್ ನಗರದಲ್ಲಿ ಕೂಡಿದ ವಾದಕರು

ಪೂರ್ವದಲ್ಲಿ ಐರಿಷ್ ನಾಯಕರ ಮನೆಗಳಲ್ಲಿ ಹಾರ್ಪ್ ವಾದಕರಿಗೆ ಗೌರವದ ಪೀಠವಿತ್ತು. ಹದಿನೇಳನೆಯ ಶತಮಾನದಲ್ಲಿ ಆ ನಾಯಕರು ತಮ್ಮ ಭೂಮಿಯನ್ನೂ ಅಧಿಕಾರವನ್ನೂ ಕಳಕೊಂಡ ಮೇಲೆ ವಾದಕರು ಆಶ್ರಯವಿಲ್ಲದವರಾಗಿ, ಕುದುರೆಯೇರಿಯೋ ಕಾಲ್ನಡಿಗೆಯಾಗಿಯೋ ಮನೆಯಿಂದ ಮನೆಗೆ ಹೋಗಿ ನುಡಿಸಿ ಜೀವಿಸಬೇಕಾಯಿತು. ಸಿಡುಬಿನಿಂದ ಕಣ್ಣು ಕಳಕೊಂಡ ಮಕ್ಕಳಿಗೆ ಜೀವನೋಪಾಯವಾಗಲೆಂದು ಈ ವಿದ್ಯೆಯನ್ನು ಕಲಿಸುವದೂ ರೂಢಿಯಲ್ಲಿತ್ತು. ಹೆಸರಾಂತ ವಾದಕನೂ ರಾಗರಚಕನೂ ಆದ ಟರ್ಲೋ ಓಕ್ಯಾರೊಲನ್ (೧೬೭೦–೧೭೩೮) ಎಂಬವನು ಅಂಥವರಲ್ಲೊಬ್ಬನು.

೧೭೯೨ನೆಯ ಇಸವಿ ಜುಲೈ ತಿಂಗಳಲ್ಲಿ ಬೆಲ್‌ಫಾಸ್ಟ್ ನಗರದ ಕೆಲವು ಸದ್ಗೃಹಸ್ಥರು, ಉಳಿದಿರುವ ವಾದಕರು ಬಂದು ನುಡಿಸಬೇಕೆಂದು ಪ್ರಕಟನೆ ಮಾಡಿ ಬಹುಮಾನಗಳನ್ನು ನೇಮಿಸಿದರು. ಇಡೀ ದೇಶದಿಂದ ಕೂಡಿ ಬಂದವರು ೧೦ ಮಂದಿ ಐರಿಷ್ ವಾದಕರು ಮಾತ್ರ; ವೇಲ್ಸ್ ದೇಶದವನೊಬ್ಬನು ಅವರ ಜತೆಗಿದ್ದನು. ಆ ಹತ್ತು ಮಂದಿಯಲ್ಲಿ ೬ ಮಂದಿ ಅಂಧರು. ಹೆಂಗಸು ಒಬ್ಬಳೇ, ಅವಳು ರೋಸ್ ಮೂನಿ ಎಂಬ ಅಂಧೆ. ಎಲ್ಲರಿಗಿಂತ ಕಿರಿಯವನು ೧೫ ವಯಸ್ಸಿನ ವಿಲಿಯಂ ಕಾರ್ ಎಂಬ ಹುಡುಗ. ಎಲ್ಲರಿಗಿಂತ ಹಿರಿಯವನು ಡೆನಿಸ್ ಹೆಂಪ್ಸನ್. ಅವನಿಗೆ ೯೭ ವಯಸ್ಸೆಂದು ಹೇಳುತ್ತಿದ್ದರು. ಹಿತ್ತಾಳೆಯ ತಂತಿಗಳನ್ನು ಉದ್ದವಾದ ಉಗುರುಗಳಿಂದ ಮೀಟುವ ಪುರಾತನ ಪದ್ಧತಿಯನ್ನು ಆ ಸಭೆಯಲ್ಲಿ ಉಳಿಸಿಕೊಂಡಿದ್ದವನು ಅವನೊಬ್ಬನೇ. ಅವನಿಗೆ ೧೨ನೆಯ ವಯಸ್ಸಿನಲ್ಲಿ ಮೊದಲ ಪಾಠವನ್ನು ಹೇಳಿಕೊಟ್ಟವಳು ಬ್ರಿಜೆಟ್ ಓಕಾಹನ್ ಎಂಬ ಸ್ತ್ರೀಯೆಂಬದನ್ನು ನಮ್ಮ ವಿದ್ಯಾರ್ಥಿನಿಯರು ನೆನಪಿನಲ್ಲಿಡತಕ್ಕದ್ದು.

ಆ ಸಭೆಯಲ್ಲಿ ಕೇಳಿದ ರಾಗಗಳನ್ನು ಬರೆದುಕೊಳ್ಳುವದಕ್ಕೆ ಎಡ್ವರ್ಡ್ ಬಂಟಿಂಗ್ ಎಂಬ ೧೯ ವಯಸ್ಸಿನ ತರುಣನನ್ನು ನೇಮಿಸಿದರು. ಅವನು ದೇವಾಲಯದ ಆರ್ಗನ್ ವಾದಕನು. ಆ ಕೆಲಸವೇ ಅವನ ಜೀವಮಾನದ ವ್ರತವಾಯಿತು. ಅವನು ಪ್ರಕಟಿಸಿದ ಮೂರು ಸಂಗ್ರಹಗಳಲ್ಲಿ ಕೊನೆಯದು ೧೮೪೦ರಲ್ಲಿ ಹೊರಬಂತು. ಅವನು ಬರೆದಿಡದಿದ್ದರೆ ಆ ವೃದ್ಧರೊಡನೆಯೇ ಅನೇಕ ರಾಗಗಳು ಮಣ್ಣು ಸೇರುತ್ತಿದ್ದವು.

ಆ ಸಭೆಯನ್ನು ಕೂಡಿಸಲು ಮುಂದಾದವರಲ್ಲಿ ಜೇಮ್ಸ್ ಮೆಕ್‌ಡೊನೆಲ್ ಎಂಬ ವೈದ್ಯನು ಮುಖ್ಯನಾಗಿದ್ದನು. ಅವನೂ ಅವನ ಸಹೋದರರೂ ಬಾಲ್ಯದಲ್ಲಿ ತಮ್ಮ ಮನೆಯಲ್ಲಿಯೇ ಆರ್ಥರ್ ಓನೀಲ್ ಎಂಬ ಅಂಧ ವಾದಕನಿಂದ ಹಾರ್ಪ್ ಕಲಿತಿದ್ದರು. ಮೆಕ್‌ಡೊನೆಲನು ದೊಡ್ಡವನಾದ ಮೇಲೆ ವಾದಕನೆಂದು ಹೆಸರು ಪಡೆಯಲಿಲ್ಲ. ರೋಗಿಗಳ ಸೇವೆಯಲ್ಲಿಯೂ, ಜ್ವರಪೀಡಿತರಿಗಾಗಿ ಆಸ್ಪತ್ರೆಯನ್ನು ಸ್ಥಾಪಿಸುವದರಲ್ಲಿಯೂ ಹೆಸರು ಪಡೆದನು. ಆದರೂ ಬಾಲ್ಯದಲ್ಲಿ ಕಿವಿಗೆ ಬಿದ್ದ ನಾದವು ಅವನೊಳಗೆ ಇಂಗಿಹೋಗದೆ ಉಳಿದಿತ್ತು. ಆದುದರಿಂದಲೇ ಆ ಕಲೆಯು ಅವಸಾನದಲ್ಲಿರುವಾಗ ಅದಕ್ಕಾಗಿ ಎದ್ದು ನಿಂತವರಲ್ಲಿ ಅವನೂ ಒಬ್ಬನಾದನು. ತನ್ನ ಗುರುವಾದ ಓನೀಲನನ್ನೂ ಆ ಸಭೆಯಲ್ಲಿ ಪುನಃ ಕೇಳಿದನು.

ಈ ಪಾಠದ ತಿರುಳು ಇದೇ. ಮಕ್ಕಳ ಮುಂದೆ ನುಡಿಸುವದು ಅವರೆಲ್ಲರನ್ನೂ ವಾದಕರನ್ನಾಗಿ ಮಾಡುವದಕ್ಕಲ್ಲ. ನೂರು ಮಕ್ಕಳಲ್ಲಿ ವಾದ್ಯವನ್ನು ಕೈಗೆತ್ತಿಕೊಳ್ಳುವವರು ಒಬ್ಬಿಬ್ಬರಿರಬಹುದು. ಉಳಿದವರು ವೈದ್ಯರೂ ಉಪಾಧ್ಯಾಯಿನಿಯರೂ ತಾಯಂದಿರೂ ಆಗುವರು. ಅವರು ಕೇಳುವವರಾಗಿ ಬೆಳೆದರೆ ಮಾತ್ರ ಆ ಒಬ್ಬಿಬ್ಬರ ವಿದ್ಯೆಗೆ ನೆಲೆಯುಂಟು.

೪. ಕೇಳುವವರಿಲ್ಲದ ಶಾಲೆ

ಇದರ ವಿರುದ್ಧವಾದ ದೃಷ್ಟಾಂತವೂ ಅದೇ ನಗರದಲ್ಲಿ ದೊರೆಯುವದು. ೧೮೦೮ರಲ್ಲಿ ಬೆಲ್‌ಫಾಸ್ಟಿನವರು ಒಂದು ಸಂಘವನ್ನು ಕಟ್ಟಿ, ಬಡವರಾದ ಅಂಧ ಮಕ್ಕಳಿಗೆ ಹಾರ್ಪ್ ಕಲಿಸುವ ಶಾಲೆಯನ್ನು ತೆರೆದರು. ಮುಪ್ಪಿನವನಾದ ಓನೀಲನೇ ಅಲ್ಲಿ ಗುರುವಾದನು. ಉದ್ದೇಶವು ಎರಡು ಪಕ್ಕದಿಂದಲೂ ಶ್ಲಾಘ್ಯವಾದದ್ದು: ಮಗುವಿಗೆ ಅನ್ನ, ವಾದ್ಯಕ್ಕೆ ಆಯುಸ್ಸು. ಆದರೆ ಚಂದಾಹಣವು ಕ್ರಮೇಣ ಕಡಿಮೆಯಾಗಿ ಆ ಶಾಲೆಯು ೧೮೧೩ರಲ್ಲಿ ನಿಂತುಹೋಯಿತು.

ಆಮೇಲೆ ನಡೆದ ಸಂಗತಿಗೆ ನಮ್ಮ ದೇಶದ ಸಂಬಂಧವಿದೆ. ಭಾರತದಲ್ಲಿ ಉದ್ಯೋಗದಲ್ಲಿದ್ದ ಐರಿಷ್ ಜನರು ತಮ್ಮೊಳಗೆ ಹಣ ಕೂಡಿಸಿ ಬೆಲ್‌ಫಾಸ್ಟಿಗೆ ಕಳುಹಿಸಿಕೊಟ್ಟರು. ಆ ಹಣದಿಂದ ೧೮೧೯ರಲ್ಲಿ ಎರಡನೆಯ ಸಂಘವು ಹುಟ್ಟಿ ೨೦ ವರ್ಷಗಳ ಕಾಲ ಮಕ್ಕಳಿಗೆ ಪಾಠ ಹೇಳಿಸಿತು. ಆದರೆ ೧೮೩೯ರ ಹೊತ್ತಿಗೆ ಅದೂ ಮುಗಿಯಿತು. ಕಲಿತ ಹುಡುಗರು ಹಾರ್ಪ್ ಹೊತ್ತುಕೊಂಡು ಹೋದರೂ ಹಿಂದಿನಂತೆ ಮನೆಗೆ ಕರೆದು ಕೇಳುವವರು ಸಿಕ್ಕಲಿಲ್ಲ. ಜನರ ಅಭಿರುಚಿಯು ಬೇರೆ ಕಡೆಗೆ ತಿರುಗಿತ್ತು. ಹೋಟೆಲುಗಳಲ್ಲಿ ಕುಡಿಯುವವರ ನಡುವೆ ನುಡಿಸಿ ಕೆಟ್ಟ ಅಭ್ಯಾಸಗಳಿಗೆ ಬೀಳುವ ಗತಿಯು ಅವರಿಗೆ ಬಂತೆಂದು ಆ ಸಂಘದವರೇ ವ್ಯಸನಪಟ್ಟರು.

ಆ ಶಾಲೆಯಲ್ಲಿ ಗುರುವಿದ್ದನು, ಶಿಷ್ಯರಿದ್ದರು, ವಾದ್ಯಗಳಿದ್ದವು, ಸಮುದ್ರದಾಚೆಯಿಂದ ಬಂದ ಹಣವೂ ಇತ್ತು. ಇಲ್ಲದ್ದು ಒಂದೇ: ಊರಿನಲ್ಲಿ ಕೇಳುವ ಮನೆಗಳು. ಅಂಧ ಬಾಲಕನಿಗೆ ತಂತಿಯನ್ನು ಮೀಟಲು ಕಲಿಸಿದವರು, ಕಣ್ಣುಳ್ಳ ಬಾಲಕರಿಗೆ ಅವನೆದುರು ಕುಳಿತು ಕೇಳಲು ಕಲಿಸಲಿಲ್ಲ. ಅದರ ಫಲವನ್ನು ಉಂಡವರು ಆ ಬಡ ಮಕ್ಕಳು.

೫. ಕನ್ಯಾಶಾಲೆಗಳು ಮಾಡಿದ ಉಪಕಾರ

ಹಾಗಾದರೆ ವಾದ್ಯವು ಉಳಿದದ್ದು ಹೇಗೆ? ಡಬ್ಲಿನ್ ನಗರದ ಜಾನ್ ಈಗನ್ ಎಂಬ ಶಿಲ್ಪಿಯು ೧೮೧೯–೨೦ರ ಸುಮಾರಿಗೆ ಕರುಳಿನ ತಂತಿಗಳುಳ್ಳ, ಸುಲಭವಾಗಿ ಒಯ್ಯತಕ್ಕ ಚಿಕ್ಕ ಹಾರ್ಪುಗಳನ್ನು ಮಾಡತೊಡಗಿದನು. ಹಳೆಯ ಹಿತ್ತಾಳೆ ತಂತಿಯ ನಾದವಲ್ಲದಿದ್ದರೂ ಈ ಹೊಸ ರೂಪವು ಮನೆಗಳನ್ನು ಹೊಕ್ಕಿತು. ಇಪ್ಪತ್ತನೆಯ ಶತಮಾನದಲ್ಲಿ ಅದನ್ನು ಕಾಪಾಡಿ ಬೆಳೆಯಿಸಿದ ಸ್ಥಳಗಳಲ್ಲಿ ಸನ್ಯಾಸಿನಿಯರು ನಡಿಸುತ್ತಿದ್ದ ಕನ್ಯಾಶಾಲೆಗಳು ಪ್ರಮುಖವಾದವು. ಡಬ್ಲಿನ್ ಬಳಿಯ ಸಾಯನ್ ಹಿಲ್ ಎಂಬ ಡೊಮಿನಿಕನ್ ಶಾಲೆಯು ಇವುಗಳಲ್ಲಿ ಪ್ರಸಿದ್ಧವಾದದ್ದು. ಅಲ್ಲಿ ಹುಡುಗಿಯರು ಬೇರೆ ಪಾಠಗಳ ಜತೆಯಲ್ಲಿಯೇ ಹಾರ್ಪ್ ನುಡಿಸಿ ಐರಿಷ್ ಭಾಷೆಯಲ್ಲಿ ಹಾಡಲು ಕಲಿಯುತ್ತಿದ್ದರು.

೧೯೩೫ರಲ್ಲಿ ಹುಟ್ಟಿದ ಮೇರಿ ಓಹಾರ ಎಂಬಾಕೆಯು ಆ ಶಾಲೆಯ ವಿದ್ಯಾರ್ಥಿನಿ. ಆಕೆಯು ಎಳೆಯ ವಯಸ್ಸಿನಲ್ಲಿಯೇ ಹಾರ್ಪ್ ನುಡಿಸಿ ಹಾಡಿ ಅನೇಕ ದೇಶಗಳಲ್ಲಿ ಕೀರ್ತಿ ಪಡೆದಳು. ವಿವಾಹವಾಗಿ ಎರಡು ವರ್ಷ ತುಂಬುವದರೊಳಗೆ, ೧೯೫೭ರಲ್ಲಿ, ಪತಿಯು ತೀರಿಕೊಂಡನು. ೧೯೬೨ರಲ್ಲಿ ಆಕೆಯು ಇಂಗ್ಲೆಂಡಿನ ಒಂದು ಬೆನೆಡಿಕ್ಟೈನ್ ಮಠವನ್ನು ಸೇರಿ ೧೨ ವರ್ಷಗಳನ್ನು ಪ್ರಾರ್ಥನೆಯಲ್ಲಿ ಕಳೆದು, ಅನಂತರ ದೇಹಾರೋಗ್ಯದ ನಿಮಿತ್ತ ಹೊರಬಂದು ಪುನಃ ಜನರ ಮುಂದೆ ಹಾಡಿದಳು. ಶಾಲೆಯಲ್ಲಿ ಹಿಡಿದ ವಾದ್ಯವು ಸುಖದಲ್ಲಿಯೂ ದುಃಖದ ಆಚೆಗೂ ಆಕೆಯ ಸಂಗಡ ಬಂತು.

೧೯೬೦ರಲ್ಲಿ ಹಾರ್ಪಿನ ಮಿತ್ರರು ಎಂಬರ್ಥದ ಕೈರ್ದ ನ ಕ್ರುಚೆ ಎಂಬ ಸಂಘವು ಸ್ಥಾಪಿತವಾಗಿ, ಕಲಿಸುವದನ್ನೂ ಪಾಠಗಳನ್ನು ಅಚ್ಚು ಹಾಕಿಸುವದನ್ನೂ ಕೈಕೊಂಡಿತು. ೨೦೧೯ರಲ್ಲಿ ಯುನೆಸ್ಕೋ ಸಂಸ್ಥೆಯು ಐರಿಷ್ ಹಾರ್ಪ್ ವಾದನವನ್ನು ಮನುಕುಲದ ಪರಂಪರೆಗಳ ಪಟ್ಟಿಯಲ್ಲಿ ಸೇರಿಸಿತು. ಹತ್ತು ಮಂದಿಗೆ ಇಳಿದಿದ್ದ ಕಲೆಯು ಇಷ್ಟಕ್ಕೆ ಏರಬೇಕಾದರೆ, ಶಾಲೆಯ ಹಾಲುಗಳಲ್ಲಿ ಪ್ರತಿವರ್ಷವೂ ತಂದೆತಾಯಂದಿರ ಮುಂದೆ ನಡುಗುವ ಕೈಗಳಿಂದ ನುಡಿಸಿದ ಹುಡುಗಿಯರ ಪಾಲು ಅದರಲ್ಲಿ ಎಷ್ಟೆಂಬದನ್ನು ಯಾರು ಎಣಿಸಬಲ್ಲರು?

೬. ಎಳೆಯ ಮಕ್ಕಳ ಮುಂದೆ ನುಡಿಸುವ ಕ್ರಮ

ಇನ್ನು ಪಾಠದ ಕಾರ್ಯಭಾಗಕ್ಕೆ ಬರೋಣ. ನಮ್ಮ ನಾಡಿನಲ್ಲಿ ಹಾರ್ಪ್ ವಿರಳವಾದ್ದರಿಂದ ಈ ಕ್ರಮವನ್ನು ವೀಣೆಗೂ ಸಿತಾರಿಗೂ ಪಿಟೀಲಿಗೂ ಹೊಂದಿಸಿಕೊಳ್ಳಬಹುದು.

ಮೊದಲನೆಯದು ಸ್ಥಳ. ಎತ್ತರದ ವೇದಿಕೆಯು ಶಿಶುಗಳಿಗೆ ಹಿತವಲ್ಲ. ವಾದ್ಯವನ್ನು ನೆಲದ ಮೇಲೆಯೇ ಇಟ್ಟು, ಚಾಪೆಗಳನ್ನು ಅರ್ಧಚಂದ್ರಾಕಾರವಾಗಿ ಹಾಸಿ, ನುಡಿಸುವವರ ಬೆರಳುಗಳು ಎಲ್ಲರಿಗೂ ಕಾಣುವಂತೆ ಮಕ್ಕಳನ್ನು ಕೂಡಿಸಬೇಕು. ತಂತಿಗಳು ಸೆಕೆಗೂ ತೇವಕ್ಕೂ ಬೇಗನೆ ಶ್ರುತಿ ಬಿಡುವದರಿಂದ ವಾದ್ಯವನ್ನು ಮುಂಚಿತವಾಗಿ ತಂದು, ಕಿಟಕಿಯ ಗಾಳಿಗೂ ಬಿಸಿಲಿಗೂ ದೂರವಾಗಿಟ್ಟು, ಮಕ್ಕಳು ಬರುವ ಮೊದಲೇ ಶ್ರುತಿ ಮಾಡಬೇಕು. ಕಾಲವು ಅರ್ಧ ಗಂಟೆಯನ್ನು ಮೀರಬಾರದು.

ಎರಡನೆಯದು ಮೌನ. ಮಾತಿನಿಂದ ಆರಂಭಿಸದೆ, ಅತ್ಯಂತ ಉದ್ದವಾದ ಒಂದು ತಂತಿಯನ್ನು ಮೀಟಿ ಕೈಯನ್ನು ಮೇಲಕ್ಕೆತ್ತಬೇಕು. ನಾದವು ಪೂರ್ಣವಾಗಿ ಅಡಗಿತೆಂದು ತೋರಿದಾಗ ಕೈಯೆತ್ತಿರೆಂದು ಮಕ್ಕಳಿಗೆ ಹೇಳಬೇಕು. ಒಂದು ಮಗು ಬೇಗನೆ ಕೈಯೆತ್ತುವದು. ಮತ್ತೊಂದು ಇನ್ನೂ ಕೇಳುತ್ತಿರುವದು. ಸದ್ದು ಮಾಡಬೇಡಿರೆಂದು ಗದರಿಸುವದರಿಂದ ಬರದ ನಿಶ್ಶಬ್ದವು, ಅಡಗುತ್ತಿರುವ ನಾದವನ್ನು ಹಿಂಬಾಲಿಸುವದರಿಂದ ತಾನಾಗಿ ಬರುವದು. ಕೇಳುವ ವಿದ್ಯೆಯ ಅಕ್ಷರಾಭ್ಯಾಸವು ಇದೇ.

ಮೂರನೆಯದು ಕಣ್ಣಿನ ಪಾಠ. ಉದ್ದ ತಂತಿಯನ್ನೂ ಗಿಡ್ಡ ತಂತಿಯನ್ನೂ ತೋರಿಸಿ, ಯಾವದು ತಗ್ಗಿನ ಸ್ವರ, ಯಾವದು ಎತ್ತರದ ಸ್ವರವೆಂದು ಮೊದಲು ಊಹಿಸಲು ಬಿಟ್ಟು, ಬಳಿಕ ಮೀಟಿ ತೋರಿಸಬೇಕು. ಅನಂತರ ಕೆಂಪು ತಂತಿಗಳನ್ನು ಮಾತ್ರ ಒಂದಾದ ಮೇಲೊಂದು ಮೀಟಿದರೆ, ಒಂದೇ ಸ್ವರವು ಮಂದ್ರದಿಂದ ತಾರಕ್ಕೆ ಏರುವದನ್ನು ನಾಲ್ಕು ವರ್ಷದ ಮಗುವೂ ಗುರುತಿಸುವದು.

ನಾಲ್ಕನೆಯದು ರಸದ ಪಾಠ. ಐರಿಷ್ ಪುರಾಣಕಥೆಯಲ್ಲಿ ದಗ್ದ ಎಂಬ ದೇವನು ಶತ್ರುಗಳ ಸಭೆಯಲ್ಲಿ ತನ್ನ ಹಾರ್ಪನ್ನು ನುಡಿಸಿ, ಮೊದಲು ಎಲ್ಲರನ್ನೂ ಅಳಿಸಿ, ಬಳಿಕ ನಗಿಸಿ, ಕಡೆಗೆ ನಿದ್ರೆಹೋಗಿಸಿ ಪಾರಾದನೆಂದು ಹೇಳಿದೆ. ಅಳುವಿನ ನಾದ, ನಗೆಯ ನಾದ, ನಿದ್ರೆಯ ನಾದ ಎಂಬ ಈ ಮೂರನ್ನೂ ಬಲ್ಲವನೇ ವಾದಕನೆಂಬದು ಆ ದೇಶದ ಹಳೆಯ ಮತ. ಕಥೆಯನ್ನು ಹೇಳಿ, ಮೂರು ಬಗೆಯ ಚಿಕ್ಕ ರಾಗಗಳನ್ನು ನುಡಿಸಿ, ಯಾವದು ಯಾವದೆಂದು ಮಕ್ಕಳಿಂದಲೇ ಹೇಳಿಸಬೇಕು. ನಿದ್ರೆಯ ನಾದವನ್ನು ಕೇಳಿದ ಕೂಡಲೆ ನಮ್ಮ ಮಕ್ಕಳಿಗೆ ಮನೆಯ ಜೋಗುಳವು ನೆನಪಿಗೆ ಬರುವದು. ಆಗ ಅವರಿಂದ ಜೋಗುಳವನ್ನು ಹಾಡಿಸಿ, ವಾದ್ಯವು ಅವರ ಧ್ವನಿಯನ್ನು ಹಿಂಬಾಲಿಸುವದು ಉತ್ತಮ.

ಐದನೆಯದು ಸ್ಪರ್ಶ. ಇದನ್ನು ಎಂದಿಗೂ ಬಿಡಬಾರದು. ತೊಳೆದ ಕೈಗಳಿಂದ, ಒಬ್ಬೊಬ್ಬರಾಗಿ ಬಂದು, ಬೆರಳಿನ ಮೆತ್ತನೆಯ ತುದಿಯಿಂದ ಒಂದೇ ತಂತಿಯನ್ನು ಮೀಟಿ ಹೋಗುವಂತೆ ಏರ್ಪಡಿಸಬೇಕು. ಕಿವಿ ಕೇಳದ ಮಗುವಿದ್ದರೆ ಅದರ ಅಂಗೈಯನ್ನು ಪೆಟ್ಟಿಗೆಯ ಮೇಲಿಡಿಸಿ ಮಂದ್ರತಂತಿಯನ್ನು ಮೀಟಬೇಕು. ಮರದ ಕಂಪನವು ಅಂಗೈಗೆ ಮುಟ್ಟುವದು. ಬೆಲೆಬಾಳುವ ವಾದ್ಯವು ಕೆಟ್ಟೀತೆಂಬ ಭಯವು ಸಹಜವೇ. ಆದರೆ ತಂತಿ ತುಂಡಾದರೆ ಮತ್ತೊಂದನ್ನು ಕಟ್ಟಬಹುದು. ಮುಟ್ಟಬೇಡವೆಂದು ಹಿಂದಕ್ಕೆ ನೂಕಲ್ಪಟ್ಟ ಮಗುವು ತನಗೂ ಸಂಗೀತಕ್ಕೂ ಸಂಬಂಧವಿಲ್ಲವೆಂದು ತಿಳಿದು ಹೋದರೆ ಅದನ್ನು ಕಟ್ಟುವದು ಸುಲಭವಲ್ಲ.

ಒಂದೇ ಕಡೆ ಕುಳಿತಿರಲಾರದ ಮಗುವನ್ನು ಶಿಕ್ಷಿಸಬಾರದು. ಅದು ಹಿಂದುಗಡೆ ನಡೆದಾಡುತ್ತ ಕೇಳಲಿ. ಕೊನೆಗೆ ಚೆನ್ನಾಗಿತ್ತೇ ಎಂದು ಕೇಳಬಾರದು; ಚೆನ್ನಾಗಿತ್ತೆಂದು ಹೇಳುವದನ್ನು ಮಕ್ಕಳು ಬೇಗನೆ ಕಲಿತುಬಿಡುವರು. ನಿನಗೆ ಏನು ಕೇಳಿಸಿತೆಂದು ಕೇಳಬೇಕು.

ದೊಡ್ಡ ವಿದ್ವಾಂಸರೂ ಮಕ್ಕಳನ್ನು ಅಲಕ್ಷ್ಯ ಮಾಡಲಿಲ್ಲ. ಇಂಗ್ಲೆಂಡಿನ ಬೆಂಜಮಿನ್ ಬ್ರಿಟನ್ ಎಂಬ ಸಂಗೀತ ರಚಕನು ೧೯೪೨ರಲ್ಲಿ, ಯುದ್ಧಕಾಲದಲ್ಲಿ ಅಟ್ಲಾಂಟಿಕ್ ಸಮುದ್ರವನ್ನು ದಾಟುವ ಹಡಗಿನಲ್ಲಿ, ಎ ಸೆರೆಮನಿ ಆಫ್ ಕ್ಯಾರಲ್ಸ್ ಎಂಬ ಕ್ರಿಸ್ತಜಯಂತಿಯ ಗೀತಮಾಲೆಯನ್ನು ರಚಿಸತೊಡಗಿದನು. ಎಳೆಯ ಕಂಠಗಳೂ ಒಂದೇ ಒಂದು ಹಾರ್ಪೂ ಅದಕ್ಕೆ ಸಾಕು.

೭. ಊರವರ ಮುಂದೆ, ರೋಗಿಗಳ ಮುಂದೆ

ಸಂಗೀತವು ತಾನಿರುವಲ್ಲಿಗೆ ಬರಲಾರದವರ ಬಳಿಗೆ ತಾನೇ ಹೋಗಬೇಕು. ಪ್ರಸಿದ್ಧ ಪಿಟೀಲು ವಿದ್ವಾಂಸರಾದ ಯೆಹೂದಿ ಮೆನುಹಿನ್ ಅವರು ೧೯೭೭ರಲ್ಲಿ ಇಂಗ್ಲೆಂಡಿನಲ್ಲಿ ಲೈವ್ ಮ್ಯೂಸಿಕ್ ನೌ ಎಂಬ ಸಂಸ್ಥೆಯನ್ನು ಸ್ಥಾಪಿಸಿದ್ದು ಇದೇ ಉದ್ದೇಶದಿಂದ. ತರುಣ ವಾದಕರು ಆಸ್ಪತ್ರೆಗಳಿಗೂ ವೃದ್ಧರ ಮನೆಗಳಿಗೂ ವಿಶೇಷ ಶಾಲೆಗಳಿಗೂ ಹೋಗಿ ನುಡಿಸುವದಕ್ಕೆ ಅದು ಏರ್ಪಾಡು ಮಾಡುವದು. ಇಂಥ ಕೆಲಸಕ್ಕೆ ಹಾರ್ಪ್ ಬಹಳ ಯೋಗ್ಯವಾದದ್ದು, ಯಾಕಂದರೆ ಅದರ ನಾದವು ಥಟ್ಟನೆ ಎರಗದೆ ಮೆಲ್ಲಗೆ ಅರಳಿ ಮೆಲ್ಲಗೆ ಅಡಗುವಂತೆ ನುಡಿಸಲು ಬರುವದು. ಪಕ್ಕದ ಹಾಸಿಗೆಯವರನ್ನು ಅದು ಬಾಧಿಸದು.

ಹೀಗೆ ಹೋಗುವವರು ಕೆಲವು ನಿಯಮಗಳನ್ನು ಪಾಲಿಸತಕ್ಕದ್ದು. ರೋಗಿಯ ಅಪ್ಪಣೆಯಿಲ್ಲದೆ ನುಡಿಸಬಾರದು. ಚಿಕ್ಕ ಚಿಕ್ಕ ರಾಗಗಳನ್ನು ಆರಿಸಿಕೊಳ್ಳಬೇಕು. ಚಪ್ಪಾಳೆಯನ್ನು ನಿರೀಕ್ಷಿಸಬಾರದು, ಕೇಳುತ್ತ ನಿದ್ರೆಹೋದವರೇ ಅತ್ಯುತ್ತಮ ಶ್ರೋತೃಗಳೆಂದು ತಿಳಿಯಬೇಕು. ಮುಖ್ಯವಾಗಿ, ಗುಣವಾಗುವದೆಂಬ ವಾಗ್ದಾನವನ್ನು ಮಾಡಬಾರದು. ದಾವೀದನ ಕಿನ್ನರಿಯಿಂದ ಸೌಲನು ಉಪಶಮನ ಹೊಂದಿದ್ದು ನಿಜ. ಅದೇ ಸೌಲನು ಮತ್ತೊಂದು ದಿನ ಆ ನಾದವು ಕಿವಿಯಲ್ಲಿರುವಾಗಲೇ ಈಟಿಯನ್ನು ಎತ್ತಿ ಎಸೆದದ್ದೂ ನಿಜ. ಸತ್ಯವೇದವು ಎರಡನ್ನೂ ಮರೆಮಾಡದೆ ಹೇಳುವದು. ಸಂಗೀತವು ಔಷಧಕ್ಕೂ ಪಶ್ಚಾತ್ತಾಪಕ್ಕೂ ಬದಲಿಯಲ್ಲ. ಅದು ದುಃಖದಲ್ಲಿರುವವನ ಮಗ್ಗುಲಲ್ಲಿ ಒಬ್ಬರು ಕುಳಿತಿದ್ದಾರೆಂಬದಕ್ಕೆ ಸಾಕ್ಷಿ. ಅಷ್ಟೇ ಸಾಕು, ಅದೇ ಬಹಳ.

೮. ಪೋಷಕರಿಗೂ ಪೂರ್ವವಿದ್ಯಾರ್ಥಿನಿಯರಿಗೂ ಬಿನ್ನಹ

ಈ ಸ್ಮರಣಸಂಚಿಕೆಯನ್ನು ಓದುವ ಪೂರ್ವವಿದ್ಯಾರ್ಥಿನಿಯರಲ್ಲಿ ಅನೇಕರು ಶಾಲೆಯಲ್ಲಿದ್ದಾಗ ಹಾರ್ಮೋನಿಯವನ್ನೋ ಪಿಟೀಲನ್ನೋ ವೀಣೆಯನ್ನೋ ಕಲಿತು, ಸಂಸಾರಭಾರದಲ್ಲಿ ಅದನ್ನು ಪೆಟ್ಟಿಗೆಯೊಳಗಿಟ್ಟು ಮುಚ್ಚಿದವರಾಗಿರಬಹುದು. ಮರೆತುಹೋಯಿತು, ಬೆರಳು ಓಡದು, ಜನರ ಮುಂದೆ ನುಡಿಸುವಷ್ಟು ಬಾರದು ಎಂಬ ಸಂಕೋಚವು ಅವರನ್ನು ತಡೆಯುವದು. ಆದರೆ ಮೂರು ವರ್ಷದ ಮಗುವು ತಪ್ಪುಗಳನ್ನು ಎಣಿಸುವದಿಲ್ಲ. ತನ್ನ ಅಜ್ಜಿಯ ಕೈಯಿಂದ ಸ್ವರವು ಹುಟ್ಟುವದನ್ನು ನೋಡಿ ಅದು ಬೆರಗಾಗುವದು. ಪೆಟ್ಟಿಗೆಯನ್ನು ತೆರೆಯಿರಿ, ಒಂದು ಕೀರ್ತನೆಯನ್ನು, ಒಂದು ಜೋಗುಳವನ್ನು ಮಗುವಿನ ಮುಂದೆ ನುಡಿಸಿರಿ.

ಪೋಷಕರಲ್ಲಿ ಇನ್ನೊಂದು ಮಾತು. ಶಾಲೆಯಲ್ಲಿ ಮಕ್ಕಳು ನುಡಿಸುವ ದಿನ, ತಮ್ಮ ಮಗಳ ಸರದಿ ಮುಗಿದೊಡನೆ ಎದ್ದು ಹೋಗುವ ವಾಡಿಕೆಯು ಕೆಲವು ಕಡೆ ಉಂಟು. ಮುಂದಿನ ಹುಡುಗಿಯು ಖಾಲಿ ಕುರ್ಚಿಗಳನ್ನು ನೋಡುತ್ತ ನುಡಿಸಬೇಕಾಗುವದು. ಬೆಲ್‌ಫಾಸ್ಟಿನ ಅಂಧ ಬಾಲಕರಿಗೆ ಒದಗಿದ ಗತಿಯನ್ನು ಆಗ ನೆನಪಿಗೆ ತಂದುಕೊಳ್ಳಬೇಕು. ಕಲಿಸುವ ಶಾಲೆಗಳನ್ನು ಹಣದಿಂದ ತೆರೆಯಬಹುದು. ಕೇಳುವ ಜನರನ್ನು ಹಣದಿಂದ ಪಡೆಯಲಾಗದು. ಪಕ್ಕದ ಮನೆಯ ಮಗಳು ನುಡಿಸುವದನ್ನೂ ಕೊನೆಯ ತಂತಿ ಅಡಗುವ ತನಕ ಕುಳಿತು ಕೇಳುವ ತಂದೆತಾಯಂದಿರು ಇರುವ ಊರಿನಲ್ಲಿ ಯಾವ ವಾದ್ಯವೂ ಅಳಿಯದು.